ಪೋಸ್ಟ್‌ಡಾಕ್: ಜೀವಕೋಶ ವಿಜ್ಞಾನದ ಹೊಸ್ತಿಲು

ಪಿಎಚ್‌.ಡಿ. ಮುಗಿದ ಮೇಲೆ, ಕಾಯಂ ಕೆಲಸ ಸಿಗುವುದಕ್ಕೆ ಮೊದಲು, ಮತ್ತೊಬ್ಬ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಗೊತ್ತಾದ ಅವಧಿಗೆ ಸಂಶೋಧನೆ ಮಾಡುವವರಿಗೆ ಪೋಸ್ಟ್‌ಡಾಕ್ ಎಂದು ಹೆಸರು. ಆ ಹುದ್ದೆಯನ್ನೂ ಹಾಗೆಯೇ ಕರೆಯುತ್ತಾರೆ. ‘ಡಾಕ್ಟರೇಟೋತ್ತರ ಸಂಶೋಧಕ’ ಎಂಬ ಕನ್ನಡ ಪದವೇನೋ ಇದೆ. ಆದರೆ ಅದು ಅಧಿಸೂಚನೆಯ ಕಾಗದ ಬಿಟ್ಟು ಈಚೆ ಬಂದದ್ದು ಕಡಿಮೆ. ಭೌತವಿಜ್ಞಾನ, ರಸಾಯನವಿಜ್ಞಾನಗಳಲ್ಲೂ ಪೋಸ್ಟ್‌ಡಾಕ್‌ಗಳಿದ್ದಾರೆ. ಡಿಎನ್‌ಎ, ಆರ್‌ಎನ್‌ಎ, ಪ್ರೋಟೀನುಗಳನ್ನು ಹಿಡಿದು ಬದುಕನ್ನು ವಿವರಿಸುವ ಆಣ್ವಿಕ ಜೀವವಿಜ್ಞಾನದಲ್ಲೂ, ಜೀವಕೋಶ ಹೇಗೆ ಒಡೆಯುತ್ತದೆ, ಚಲಿಸುತ್ತದೆ, ಸಾಯುತ್ತದೆ ಎಂದು ಹುಡುಕುವ ಕೋಶವಿಜ್ಞಾನದಲ್ಲೂ ಈ ಹುದ್ದೆಗೆ ಇರುವ ತೂಕವೇ ಬೇರೆ. ಇಲ್ಲಿ ಅದನ್ನು ಹಾದುಹೋಗದೆ ಪ್ರಾಧ್ಯಾಪಕರಾದವರನ್ನು ಹುಡುಕಿ ತೆಗೆಯಬೇಕು. (ಕನ್ನಡದಲ್ಲಿ ಅಣುಜೀವಿ ಎಂದರೆ ಬ್ಯಾಕ್ಟೀರಿಯದಂಥ ಸೂಕ್ಷ್ಮಜೀವಿ. ಆ ಗೊಂದಲ ತಪ್ಪಿಸಲು ಇಲ್ಲಿ ‘ಆಣ್ವಿಕ’ ಎಂಬ ರೂಪವನ್ನೇ ಬಳಸಿದೆ.)

ಹೊಸ್ತಿಲ ಮೇಲೆ ಕೂರಬಾರದು ಎನ್ನುವುದು ನಮ್ಮ ಮನೆಗಳ ಹಳೆಯ ಮಾತು. ಪೋಸ್ಟ್‌ಡಾಕ್ ದಾಟಲೆಂದೇ ಇಟ್ಟ ಹೊಸ್ತಿಲು. ಕಳೆದ ಐವತ್ತು ವರ್ಷಗಳಲ್ಲಿ ಜನ ಅದರ ಮೇಲೆಯೇ ಸಂಸಾರ ಹೂಡುವಂತಾದದ್ದು ಈ ವೃತ್ತಿಯ ಮುಖ್ಯ ಕಥೆ.

ಹುಟ್ಟು

ಬಾಲ್ಟಿಮೋರ್ ನಗರದಲ್ಲಿ 1876ರಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಮೊದಲ ವರ್ಷವೇ ಪ್ರತಿಭಾವಂತ ತರುಣರಿಗೆ ಫೆಲೋಶಿಪ್ ಕೊಟ್ಟಿತು. ಅವರಲ್ಲಿ ಕೆಲವರು ಆಗಲೇ ಡಾಕ್ಟರೇಟ್ ಪಡೆದವರು. ಅಲ್ಲಿಯತನಕ ಸಂಶೋಧನೆ ಕಲಿಯಬೇಕೆಂದ ಅಮೆರಿಕನ್ನರು ಜರ್ಮನಿಗೆ ಹಡಗು ಹತ್ತುತ್ತಿದ್ದರು. 1919ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ಹಣದಿಂದ ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ ಭೌತ ಮತ್ತು ರಸಾಯನವಿಜ್ಞಾನಗಳ ಹೊಸ ಡಾಕ್ಟರುಗಳಿಗೆ ಫೆಲೋಶಿಪ್ ಆರಂಭಿಸಿತು. ಕೆಲವೇ ವರ್ಷಗಳಲ್ಲಿ ವೈದ್ಯಕೀಯಕ್ಕೂ ಜೀವವಿಜ್ಞಾನಕ್ಕೂ ಅದು ಹಬ್ಬಿತು. ‘ಮಾಲಿಕ್ಯುಲರ್ ಬಯಾಲಜಿ’ ಎಂಬ ಹೆಸರನ್ನು 1938ರಲ್ಲಿ ಬಳಕೆಗೆ ತಂದ ವಾರನ್ ವೀವರ್ ಇದೇ ರಾಕ್‌ಫೆಲರ್ ಪ್ರತಿಷ್ಠಾನದ ಅಧಿಕಾರಿ. ಶಾಸ್ತ್ರಕ್ಕೆ ಹೆಸರು ಬಂದ ಮನೆಯಿಂದಲೇ ಪೋಸ್ಟ್‌ಡಾಕ್‌ಗೆ ಅನ್ನವೂ ಬಂತು.

ಜೇಮ್ಸ್ ವಾಟ್ಸನ್ 1950ರಲ್ಲಿ ಇಂಡಿಯಾನ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಮುಗಿಸಿ, ಫೆಲೋಶಿಪ್ ಹಿಡಿದು ಕೋಪನ್‌ಹೇಗನ್‌ಗೆ ಹೋದವರು. ಅಲ್ಲಿ ಕಲಿಯಬೇಕಾಗಿದ್ದ ಜೀವರಸಾಯನ ಅವರಿಗೆ ರುಚಿಸಲಿಲ್ಲ. ಮರುವರ್ಷ ಕೇಂಬ್ರಿಜ್‌ಗೆ ಜಾಗ ಬದಲಿಸಿದಾಗ ಫೆಲೋಶಿಪ್ ಸಮಿತಿ ಒಪ್ಪದೆ ತಕರಾರು ತೆಗೆಯಿತು. 1953ರಲ್ಲಿ ಡಿಎನ್‌ಎ ರಚನೆ ಪ್ರಕಟವಾದಾಗ ಅದನ್ನು ಬಿಡಿಸಿದ ಜೋಡಿಯಲ್ಲಿ ವಾಟ್ಸನ್ 25ರ ಪೋಸ್ಟ್‌ಡಾಕ್. ಅವರಿಗಿಂತ ಹನ್ನೆರಡು ವರ್ಷ ಹಿರಿಯರಾದ ಫ್ರಾನ್ಸಿಸ್ ಕ್ರಿಕ್ ಇನ್ನೂ ಪಿಎಚ್‌.ಡಿ. ವಿದ್ಯಾರ್ಥಿ. ಮೂರು ವರ್ಷದಲ್ಲಿ ಊರು ಬದಲಿಸಿ, ವಿಷಯ ಬದಲಿಸಿ, ಹೇಳಿದ್ದನ್ನು ಮಾಡದೆ ಗೆದ್ದ ಈ ಪ್ರಸಂಗ ಪೋಸ್ಟ್‌ಡಾಕ್ ಎಂಬ ಕಲ್ಪನೆಗೇ ಒಂದು ಪುರಾಣವಾಗಿ ಅಂಟಿಕೊಂಡಿದೆ. ಇಂದಿನ ಯಾವ ಫೆಲೋಶಿಪ್ಪಿನ ಪ್ರಗತಿ ವರದಿಯಲ್ಲೂ ಅಂಥ ಅಲೆಮಾರಿತನಕ್ಕೆ ಕಾಲಂ ಇಲ್ಲ.

ಇನ್ನೊಂದು ಪ್ರಸಂಗ ಅಷ್ಟು ಹೊಳಪಿನದಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ (ಎನ್‌ಐಎಚ್) 1961ರ ಮೇ 27ರ ನಸುಕಿನಲ್ಲಿ, ಜರ್ಮನಿಯಿಂದ ಬಂದಿದ್ದ ಪೋಸ್ಟ್‌ಡಾಕ್ ಹೈನ್ರಿಖ್ ಮಥಾಯ್ ಒಂದು ಪ್ರಯೋಗ ಮುಗಿಸಿದರು. ಯು ಎಂಬ ಒಂದೇ ಅಕ್ಷರದ ಮಾಲೆಯಂಥ ಆರ್‌ಎನ್‌ಎ ಹಾಕಿದರೆ ಫಿನೈಲ್‌ಅಲನಿನ್ ಎಂಬ ಒಂದೇ ಅಮೈನೋ ಆಮ್ಲದ ಸರಪಳಿ ಹುಟ್ಟುತ್ತದೆ ಎಂದು ಅದರಲ್ಲಿ ಕಂಡಿತು. ತಳಿಸಂಕೇತದ ಮೊದಲ ಪದ ಓದಿದ ಕ್ಷಣ ಅದು. 1968ರಲ್ಲಿ ನೊಬೆಲ್ ಬಂದದ್ದು ಲ್ಯಾಬಿನ ಮುಖ್ಯಸ್ಥ ಮಾರ್ಷಲ್ ನೈರನ್‌ಬರ್ಗ್, ಹರಗೋಬಿಂದ ಖುರಾನಾ, ರಾಬರ್ಟ್ ಹಾಲಿ ಮೂವರಿಗೆ. ಪ್ರಯೋಗ ಯಾರ ಕೈಯದು, ಯೋಚನೆ ಯಾರ ತಲೆಯದು ಎಂಬ ಪ್ರಶ್ನೆ ಈ ಕ್ಷೇತ್ರವನ್ನು ಅಂದಿನಿಂದ ಬಿಟ್ಟಿಲ್ಲ.

ಖುರಾನಾ ಅವರ ಪೋಸ್ಟ್‌ಡಾಕ್ ದಿನಗಳೂ ನೆನೆಯುವಂಥವು. 1948ರಲ್ಲಿ ಲಿವರ್‌ಪೂಲ್‌ನಲ್ಲಿ ಪಿಎಚ್‌.ಡಿ. ಆಗಿ, ಜ್ಯೂರಿಕ್‌ನಲ್ಲಿ ವ್ಲಾದಿಮಿರ್ ಪ್ರೆಲಾಗ್ ಅವರ ಬಳಿ ಸಂಬಳವಿಲ್ಲದೆ ವರ್ಷದ ಹತ್ತಿರ ದುಡಿದರು; ಭಾರತಕ್ಕೆ ಮರಳಿದರೆ ಕೆಲಸವಿಲ್ಲ; ಮತ್ತೆ ಕೇಂಬ್ರಿಜ್, ಅಲ್ಲಿಂದ 1952ರಲ್ಲಿ ಕೆನಡಾದ ವ್ಯಾಂಕೂವರ್. ಮುಂದೆ ತಲೆಮಾರುಗಳ ಭಾರತೀಯರು ಸವೆಸಿದ ದಾರಿಯ ಮೊದಲ ಹೆಜ್ಜೆಗುರುತುಗಳಲ್ಲಿ ಇದೂ ಒಂದು.

ಕೆಲವು ಲ್ಯಾಬುಗಳು ಪೋಸ್ಟ್‌ಡಾಕ್‌ಗಳ ಗರಡಿಮನೆಗಳೇ ಆದವು. ಸೇಂಟ್ ಲೂಯಿಸ್‌ನ ಕಾರ್ಲ್ ಮತ್ತು ಗರ್ಟಿ ಕೋರಿ ದಂಪತಿಯ ಪ್ರಯೋಗಾಲಯದಲ್ಲಿ ಪಳಗಿದ ಆರು ಮಂದಿಗೆ ಮುಂದೆ ನೊಬೆಲ್ ಬಂತು. ಕೇಂಬ್ರಿಜ್‌ನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಲ್ಯಾಬಿನಲ್ಲಿ ಸಿಡ್ನಿ ಬ್ರೆನರ್ ಒಂದು ಮಿಲಿಮೀಟರ್ ಉದ್ದದ ಹುಳು ಸಾಕತೊಡಗಿದಾಗ ರಾಬರ್ಟ್ ಹಾರ್ವಿಟ್ಜ್, ಮಾರ್ಟಿನ್ ಚಾಲ್ಫಿ ಅವರಂಥವರು ಅಟ್ಲಾಂಟಿಕ್ ದಾಟಿ ಅಲ್ಲಿಗೆ ಪೋಸ್ಟ್‌ಡಾಕ್ ಆಗಿ ಬಂದರು. ಇಬ್ಬರಿಗೂ ನೊಬೆಲ್ ಸಿಕ್ಕಿತು. ಎಲಿಜಬೆತ್ ಬ್ಲ್ಯಾಕ್‌ಬರ್ನ್ 1975ರಲ್ಲಿ ಯೇಲ್‌ಗೆ ಹೋದದ್ದಕ್ಕೆ ವಿಜ್ಞಾನವಷ್ಟೇ ಕಾರಣವಲ್ಲ. ಮದುವೆಯಾಗಲಿದ್ದವರು ಅಲ್ಲಿಗೆ ಹೊರಟಿದ್ದರಿಂದ ಅವರೂ ಯೋಜನೆ ಬದಲಿಸಿದರು. ಜೋಸೆಫ್ ಗಾಲ್ ಅವರ ಲ್ಯಾಬಿನಲ್ಲಿ ಕೆರೆನೀರಿನ ಏಕಕೋಶಜೀವಿಯೊಂದರ ವರ್ಣತಂತುಗಳ ತುದಿಯನ್ನು ಓದಿದ ಆ ಕೆಲಸ ಟೆಲೊಮಿಯರ್ ಸಂಶೋಧನೆಯಾಗಿ ಬೆಳೆದು 2009ರ ನೊಬೆಲ್‌ವರೆಗೆ ಬಂತು.

ದಿನದ ಕೆಲಸ, ಜೀವಿಯ ಗಡಿಯಾರ

ಪೋಸ್ಟ್‌ಡಾಕ್ ಎಷ್ಟು ವರ್ಷ ಎಂದು ಕೇಳಿದರೆ ನಿಯಮಾವಳಿ ಒಂದು ಲೆಕ್ಕ ಹೇಳುತ್ತದೆ, ಜೀವಿ ಇನ್ನೊಂದು. ಇ. ಕೋಲಿ ಬ್ಯಾಕ್ಟೀರಿಯ ಹದವಾದ ಸಾರದಲ್ಲಿ 20 ನಿಮಿಷಕ್ಕೊಮ್ಮೆ ಇಬ್ಬಾಗವಾಗುತ್ತದೆ. ಯೀಸ್ಟ್‌ಗೆ ಸುಮಾರು 90 ನಿಮಿಷ. ಬ್ರೆನರ್ ಹುಳು ಮೊಟ್ಟೆಯಿಂದ ಮೊಟ್ಟೆಗೆ ಮೂರು ದಿನ, ಹಣ್ಣಿನ ನೊಣ 25 ಡಿಗ್ರಿಯಲ್ಲಿ ಹತ್ತು ದಿನ, ಜೀಬ್ರಾಮೀನು ಮೂರು ತಿಂಗಳು. ಇಲಿಗೆ ಬಸಿರು ಮೂರು ವಾರ, ಮರಿ ಬೆದೆಗೆ ಬರಲು ಮತ್ತೆ ಆರರಿಂದ ಎಂಟು ವಾರ. ಮೂರು ಜೀನುಗಳ ಬದಲಾವಣೆ ಒಂದೇ ಇಲಿಯಲ್ಲಿ ಕೂಡಬೇಕೆಂದರೆ ತಲೆಮಾರಿನ ಮೇಲೆ ತಲೆಮಾರು ಹಾಯಿಸಬೇಕು. ವರ್ಷ ಕಳೆದದ್ದೇ ತಿಳಿಯದು. ಯೀಸ್ಟ್ ಆಯ್ದುಕೊಂಡ ಗೆಳೆಯ ಎರಡನೆಯ ಪ್ರಬಂಧ ಬರೆಯುವಾಗ ಇಲಿ ಹಿಡಿದವರು ಯಾವ ಮರಿಯಲ್ಲಿ ಯಾವ ಜೀನು ಕೂಡಿದೆ ಎಂದು ತಿಳಿಯಲು ಇನ್ನೂ ಬಾಲದ ತುದಿ ಕತ್ತರಿಸಿ ಪಿಸಿಆರ್ ಎಂಬ ಡಿಎನ್‌ಎ ಪರೀಕ್ಷೆ ಓಡಿಸುತ್ತಿರುತ್ತಾರೆ. ಸಂದರ್ಶನದಲ್ಲಿ ಇಬ್ಬರಿಗೂ ಪ್ರಶ್ನೆ ಒಂದೇ: ಎಷ್ಟು ಪೇಪರ್?

ಕೋಶಗಳನ್ನು ಸಾಕುವವರ ಪಾಡು ಹಸು ಕಟ್ಟಿದವರ ಪಾಡಿನಂತೆ. 37 ಡಿಗ್ರಿ ಬಿಸುಪು, ಶೇ 5ರಷ್ಟು ಕಾರ್ಬನ್ ಡೈಆಕ್ಸೈಡ್ ಇರುವ ಪೆಟ್ಟಿಗೆಯಲ್ಲಿ ಬೆಳೆಯುವ ಕೋಶಗಳಿಗೆ ಎರಡು ಮೂರು ದಿನಕ್ಕೊಮ್ಮೆ ಹೊಸ ಆಹಾರ ಹಾಕಬೇಕು, ತಟ್ಟೆ ತುಂಬಿದರೆ ಬಿಡಿಸಿ ಬೇರೆ ತಟ್ಟೆಗೆ ಹಾಕಬೇಕು. ಅದಕ್ಕೆ ಭಾನುವಾರವಿಲ್ಲ, ದೀಪಾವಳಿಯಿಲ್ಲ. ಇಷ್ಟರ ಮೇಲೆ ಮೈಕೊಪ್ಲಾಸ್ಮ ಎಂಬ ಕೋಶಭಿತ್ತಿಯಿಲ್ಲದ ಬ್ಯಾಕ್ಟೀರಿಯ ನುಗ್ಗುವುದುಂಟು. ಅದಕ್ಕೆ ಪೆನಿಸಿಲಿನ್ ನಾಟದು. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಕಾಣದು. ತಟ್ಟೆಯ ದ್ರವ ಕದಡುವುದೂ ಇಲ್ಲ. ಗೊತ್ತಾಗುವ ಹೊತ್ತಿಗೆ ಆರು ತಿಂಗಳ ಫಲಿತಾಂಶ ನಂಬಲಾಗದ್ದಾಗಿರುತ್ತದೆ.

ಲ್ಯಾಬಿನೊಳಗೆ ಪೋಸ್ಟ್‌ಡಾಕ್‌ಗೆ ಎರಡು ಮುಖ. ವಿದ್ಯಾರ್ಥಿಗಳ ಪಾಲಿಗೆ ಇವರೇ ಗುರು: ಯಾವ ಪ್ರತಿಕಾಯ ಕೆಲಸ ಮಾಡುತ್ತದೆ, ಯಾವ ಸೆಂಟ್ರಿಫ್ಯೂಜ್ ಕೈಕೊಡುತ್ತದೆ ಎಂದು ಬಲ್ಲವರು. ಗ್ರಾಂಟ್ ತರುವ ಮುಖ್ಯಸ್ಥರ ಪಾಲಿಗೆ ಇವರು ಕೈ. ಆ ಮುಖ್ಯಸ್ಥರನ್ನು ಪಿಐ ಎನ್ನುವುದು ರೂಢಿ. ಬಹಳ ಮಂದಿ ಪಿಐಗಳು ಕೆಲವೇ ವರ್ಷದಲ್ಲಿ ಪಿಪೆಟ್ ಹಿಡಿಯುವುದನ್ನು ಬಿಟ್ಟಿರುತ್ತಾರೆ. ಹಾಗಾಗಿ ಈ ಕ್ಷೇತ್ರದ ಪ್ರಯೋಗಗಳ ದೊಡ್ಡ ಪಾಲು ವಿದ್ಯಾರ್ಥಿಗಳ ಮತ್ತು ಪೋಸ್ಟ್‌ಡಾಕ್‌ಗಳ ಕೈಯಲ್ಲೇ ನಡೆಯುತ್ತದೆ. ಇವರನ್ನು ‘ತರಬೇತಿಯಲ್ಲಿರುವವರು’ ಎಂದು ಕರೆಯುವುದು ಲೆಕ್ಕಪತ್ರಕ್ಕೆ ಅನುಕೂಲ; ವಸ್ತುಸ್ಥಿತಿ ಬೇರೆ.

ಹೆಸರಿನ ಸಾಲಿನಲ್ಲಿ ಜಾಗ

ಗಣಿತದಲ್ಲಿ ಲೇಖಕರ ಹೆಸರು ಅಕಾರಾದಿಯಾಗಿ ಬರುತ್ತದೆ. ಇಲ್ಲಿ ಹಾಗಲ್ಲ. ಮೊದಲ ಹೆಸರು ದುಡಿದವರದ್ದು, ಕೊನೆಯದು ಲ್ಯಾಬಿನ ಒಡೆಯರದ್ದು, ನಡುವಿನವರು ನೆರವಾದವರು. ಪೋಸ್ಟ್‌ಡಾಕ್‌ನ ಭವಿಷ್ಯ ಆ ಮೊದಲ ಜಾಗದ ಮೇಲೆ ನಿಂತಿರುವುದರಿಂದ ನಕ್ಷತ್ರ ಚಿಹ್ನೆ ಹಾಕಿ ‘ಇಬ್ಬರದೂ ಸಮಪಾಲು’ ಎಂದು ಹಂಚುವ ರೂಢಿ ಬೆಳೆದಿದೆ. ಕ್ರಿಸ್ಪರ್-ಕ್ಯಾಸ್9 ಕತ್ತರಿಯನ್ನು ಬೇಕಾದ ಡಿಎನ್‌ಎಗೆ ಗುರಿಯಿಡಬಹುದೆಂದು ತೋರಿದ 2012ರ ಪ್ರಬಂಧದ ಮೊದಲೆರಡು ಹೆಸರು ಹೀಗೆ ಸಮಪಾಲಿನವು: ಜೆನಿಫರ್ ಡೌಡ್ನಾ ಲ್ಯಾಬಿನ ಪೋಸ್ಟ್‌ಡಾಕ್ ಮಾರ್ಟಿನ್ ಯಿನೆಕ್ ಮತ್ತು ಎಮ್ಯಾನುಯೆಲ್ ಶಾರ್ಪೆಂಟಿಯೆ ಲ್ಯಾಬಿನ ವಿದ್ಯಾರ್ಥಿ ಕ್ರಿಸ್ಟಾಫ್ ಖಿಲಿನ್ಸ್ಕಿ. 2020ರ ನೊಬೆಲ್ ಆ ಸಾಲಿನ ಕೊನೆಯ ಎರಡು ಹೆಸರುಗಳಿಗೆ ಸಂದಿತು.

ಪ್ರಬಂಧ ಎಲ್ಲಿ ಬಂತು ಎನ್ನುವುದು ಎಷ್ಟೋ ಸಲ ಅದರಲ್ಲಿ ಏನಿದೆ ಎನ್ನುವುದಕ್ಕಿಂತ ಮೇಲಾಗುತ್ತದೆ. ನೇಚರ್, ಸೈನ್ಸ್, ಅವಕ್ಕಿಂತ ತೀರ ಈಚಿನದಾದ, 1974ರಲ್ಲಿ ಹುಟ್ಟಿದ ಸೆಲ್: ಈ ಮೂರರಲ್ಲಿ ಒಂದಾದರೂ ಇರಲಿ ಎಂದು ಪೋಸ್ಟ್‌ಡಾಕ್‌ಗಳು ಎರಡು ವರ್ಷ ಹೆಚ್ಚು ಕಾಯುತ್ತಾರೆ. ಅಷ್ಟರಲ್ಲಿ ಬೇರೆ ಲ್ಯಾಬಿನವರು ಅದನ್ನೇ ಪ್ರಕಟಿಸಿಬಿಟ್ಟರೆ ‘ಸ್ಕೂಪ್ ಆಯಿತು’ ಎನ್ನುತ್ತಾರೆ. ಆ ಮಾತು ಹೇಳುವಾಗಿನ ದನಿ ಸಾವಿನ ಸುದ್ದಿ ಹೇಳುವ ದನಿ. ಅಮೆರಿಕದ ಕೋಶವಿಜ್ಞಾನ ಸಂಘದ 2012ರ ಸಮ್ಮೇಳನದಲ್ಲಿ ಮೂಡಿದ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ, ಪತ್ರಿಕೆಯ ಅಂಕ ನೋಡಿ ಮನುಷ್ಯರನ್ನು ಅಳೆಯಬೇಡಿ ಎಂದು ಕೇಳಿಕೊಂಡಿತು. ಸಹಿ ಹಾಕಿದ ಸಂಸ್ಥೆಗಳು ಬಹಳ. ಅದರಂತೆ ನಡೆದವು ಅಷ್ಟಿಲ್ಲ. ಅದಕ್ಕಿಂತ ಹೆಚ್ಚು ಉಪಕಾರ ಮಾಡಿದ್ದು 2013ರಲ್ಲಿ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯ ಆರಂಭಿಸಿದ ಬಯೋಆರ್ಕೈವ್. ಪತ್ರಿಕೆಯ ತೀರ್ಪಿಗೆ ಕಾಯದೆ ಹಸ್ತಪ್ರತಿಯನ್ನು ಅಲ್ಲಿ ಇಟ್ಟು, ಕೆಲಸದ ಅರ್ಜಿಯಲ್ಲಿ ತೋರಿಸಬಹುದು.

ಲೆಕ್ಕ ಎಲ್ಲಿ ತಪ್ಪಿತು

ಅಮೆರಿಕದಲ್ಲಿ ಜೀವವಿಜ್ಞಾನದ ಪಿಎಚ್‌.ಡಿ. ಪಡೆದವರಲ್ಲಿ ಆರು ವರ್ಷದೊಳಗೆ ಟೆನ್ಯೂರ್ ದಾರಿಯ, ಅಂದರೆ ಮುಂದೆ ಕಾಯಂ ಆಗಬಲ್ಲ, ಅಧ್ಯಾಪಕ ಹುದ್ದೆ ಹಿಡಿದವರು 1973ರಲ್ಲಿ ಶೇ 55. 2006ರ ಹೊತ್ತಿಗೆ ಅದು ಶೇ 15ಕ್ಕೆ ಬಂದಿತ್ತು. ಬುದ್ಧಿ ಕಡಿಮೆಯಾಗಲಿಲ್ಲ; ಕುರ್ಚಿ ಹೆಚ್ಚಲಿಲ್ಲ. ಒಬ್ಬ ಪಿಐ ತನ್ನ ಜೀವಮಾನದಲ್ಲಿ ಹತ್ತಾರು ಜನರನ್ನು ತಯಾರು ಮಾಡುತ್ತಾರೆ, ನಿವೃತ್ತಿಯಾದಾಗ ಖಾಲಿಯಾಗುವುದು ಒಂದೇ ಜಾಗ. ಇದಕ್ಕೆ ಎಣ್ಣೆ ಸುರಿದದ್ದು ಒಳ್ಳೆಯ ಸುದ್ದಿಯೇ. 1998ರಿಂದ 2003ರೊಳಗೆ ಎನ್‌ಐಎಚ್ ಬಜೆಟ್ ಸುಮಾರು 1,360 ಕೋಟಿ ಡಾಲರಿನಿಂದ 2,700 ಕೋಟಿಗೆ ಏರಿತು. ವಿಶ್ವವಿದ್ಯಾಲಯಗಳು ಕಟ್ಟಡ ಎಬ್ಬಿಸಿದವು, ಲ್ಯಾಬು ತುಂಬಿದವು. ಆಮೇಲೆ ಹಣ ನಿಂತ ನೀರಾಯಿತು, ಬಂದವರು ಮಾತ್ರ ಇದ್ದಲ್ಲೇ ಉಳಿದರು. ಮೊದಲ ದೊಡ್ಡ ಸ್ವತಂತ್ರ ಅನುದಾನವಾದ ಆರ್01 ಸಿಗುವ ಸರಾಸರಿ ವಯಸ್ಸು 1980ರಲ್ಲಿ 36ರ ಆಸುಪಾಸು ಇದ್ದದ್ದು 42 ದಾಟಿತು. ಬ್ರೂಸ್ ಆಲ್ಬರ್ಟ್ಸ್, ಮಾರ್ಕ್ ಕರ್ಷ್ನರ್, ಶರ್ಲಿ ಟಿಲ್ಗ್‌ಮನ್, ಹೆರಾಲ್ಡ್ ವಾರ್ಮಸ್ ಎಂಬ ನಾಲ್ವರು ಹಿರಿಯರು 2014ರಲ್ಲಿ ಸೇರಿ ಬರೆದು, ಈ ವ್ಯವಸ್ಥೆಯೇ ಓರೆಯಾಗಿದೆ ಎಂದು ಬಹಿರಂಗವಾಗಿ ಒಪ್ಪಿಕೊಂಡರು. ನಾಲ್ವರೂ ಅದೇ ವ್ಯವಸ್ಥೆಯ ತುತ್ತತುದಿಯವರು ಎಂಬುದರಿಂದ ಮಾತಿಗೆ ಬೆಲೆ ಬಂತು.

ವೆಂಕಟರಾಮನ್ ರಾಮಕೃಷ್ಣನ್ ಅವರ ಉದಾಹರಣೆ ಈ ಬಿಗಿ ಈಚಿನದಷ್ಟೇ ಅಲ್ಲ ಎನ್ನುತ್ತದೆ. ಭೌತವಿಜ್ಞಾನದಲ್ಲಿ ಪಿಎಚ್‌.ಡಿ. ಮಾಡಿ, ಜೀವವಿಜ್ಞಾನಕ್ಕೆ ಹೊರಳಿ, 1978ರಿಂದ 1982ರವರೆಗೆ ಯೇಲ್‌ನಲ್ಲಿ ಪೀಟರ್ ಮೂರ್ ಬಳಿ ರೈಬೊಸೋಮ್ ಕುರಿತು ಪೋಸ್ಟ್‌ಡಾಕ್ ಮುಗಿಸಿ ಸುಮಾರು 50 ಕಡೆ ಅರ್ಜಿ ಹಾಕಿದರು. ಒಂದೂ ಕೆಲಸ ಸಿಗಲಿಲ್ಲ. ರಾಷ್ಟ್ರೀಯ ಪ್ರಯೋಗಾಲಯಗಳಲ್ಲಿ ನೆಲೆ ಕಂಡು, ಅದೇ ರೈಬೊಸೋಮ್ ಹಿಡಿದು 2009ರಲ್ಲಿ ನೊಬೆಲ್ ತಂದರು. ಕತಾಲಿನ್ ಕಾರಿಕೊ 1985ರಲ್ಲಿ ಹಂಗೆರಿಯಿಂದ ಫಿಲಡೆಲ್ಫಿಯದ ಟೆಂಪಲ್ ವಿಶ್ವವಿದ್ಯಾಲಯಕ್ಕೆ ಪೋಸ್ಟ್‌ಡಾಕ್ ಆಗಿ ಹೊರಟಾಗ, ಕಾರು ಮಾರಿದ 900 ಪೌಂಡ್‌ಗಳನ್ನು ಮಗಳ ಆಟದ ಕರಡಿಯ ಹೊಟ್ಟೆಯೊಳಗೆ ಹೊಲಿದು ಒಯ್ದಿದ್ದರು. ಎಂಆರ್‌ಎನ್‌ಎ ಲಸಿಕೆಗೆ ದಾರಿ ತೆಗೆದ ಅವರಿಗೆ ನೊಬೆಲ್ ಬಂದದ್ದು 2023ರಲ್ಲಿ. ಇಂಥ ಕಥೆಗಳನ್ನು ಪೋಸ್ಟ್‌ಡಾಕ್‌ಗಳಿಗೆ ಧೈರ್ಯ ತುಂಬಲು ಹೇಳುವುದು ವಾಡಿಕೆ. ನೊಬೆಲ್ ಬಾರದೆ ಹಿಂದೆ ಸರಿದವರ ಕಥೆಗಳು ಯಾವ ಭಾಷಣಕ್ಕೂ ಬರುವುದಿಲ್ಲವಾದ್ದರಿಂದ ಈ ಧೈರ್ಯವನ್ನು ಅರೆಪಾವು ಉಪ್ಪಿನೊಡನೆ ತೆಗೆದುಕೊಳ್ಳಬೇಕು.

ಸಂಬಳದ ವಿಷಯಕ್ಕೆ ಬಂದರೆ, ಎನ್‌ಐಎಚ್ ಫೆಲೋಶಿಪ್ಪಿನ ಮೊದಲ ವರ್ಷದ ಮೊತ್ತ 2024ರಲ್ಲಿ 61,008 ಡಾಲರಿಗೆ ಏರಿತು. ಅದರ ಹಿಂದಿನ ವರ್ಷದ ಕೊನೆಗೆ ಸಲಹಾ ಸಮಿತಿಯೊಂದು ಕನಿಷ್ಠ 70,000 ಡಾಲರ್, ಗರಿಷ್ಠ ಐದು ವರ್ಷ ಎಂದು ಶಿಫಾರಸು ಮಾಡಿತ್ತು. 2022ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ 48,000 ಮಂದಿ ಮುಷ್ಕರ ಹೂಡಿದಾಗ ಪೋಸ್ಟ್‌ಡಾಕ್‌ಗಳೂ ಬೀದಿಗಿಳಿದಿದ್ದರು. ಒಂದು ವಿಚಿತ್ರವೂ ಉಂಟು. ಪೈಪೋಟಿಯಲ್ಲಿ ಗೆದ್ದು ಸ್ವಂತ ಫೆಲೋಶಿಪ್ ತಂದವರು ಕೆಲವೆಡೆ ‘ನೌಕರ’ರ ಪಟ್ಟಿಯಿಂದ ಹೊರಬಿದ್ದು, ಪಿಂಚಣಿಯಂಥ ಸವಲತ್ತು ಕಳೆದುಕೊಳ್ಳುತ್ತಾರೆ. ಪಿಐ ಗ್ರಾಂಟಿನಿಂದ ಸಂಬಳ ಪಡೆಯುವ ಪಕ್ಕದ ಬೆಂಚಿನವರಿಗೆ ಅದೆಲ್ಲ ಇರುತ್ತದೆ.

ಬೇರೆ ದೇಶಗಳದ್ದು ಬೇರೆ ತೊಡಕು. ಜರ್ಮನಿಯ ಕಾನೂನು ಪಿಎಚ್‌.ಡಿ.ಗೆ ಮೊದಲು ಆರು, ನಂತರ ಆರು ವರ್ಷವಷ್ಟೇ ತಾತ್ಕಾಲಿಕ ಒಪ್ಪಂದಕ್ಕೆ ಅವಕಾಶ ಕೊಟ್ಟಿದೆ. ಅದು ರಕ್ಷಣೆಗಿಂತ ಗಡೀಪಾರಿನಂತೆ ಕೆಲಸ ಮಾಡುತ್ತದೆಂದು 2021ರಲ್ಲಿ ಅಲ್ಲಿನ ಸಂಶೋಧಕರು ದೊಡ್ಡ ದನಿ ಎತ್ತಿದರು. ಜಪಾನ್ 1996ರಲ್ಲಿ 10,000 ಪೋಸ್ಟ್‌ಡಾಕ್‌ಗಳಿಗೆ ನೆರವು ಎಂದು ಯೋಜನೆ ಹಾಕಿ ಗುರಿ ಮುಟ್ಟಿತು. ಮುಂದೆ ಅವರೆಲ್ಲ ಎಲ್ಲಿಗೆ ಹೋಗಬೇಕೆಂದು ಯೋಜನೆ ಹೇಳಿರಲಿಲ್ಲ.

ಭಾರತದಲ್ಲಿ

ಒಬೈದ್ ಸಿದ್ದೀಕಿ ಗ್ಲಾಸ್ಗೊದಲ್ಲಿ ಪಿಎಚ್‌.ಡಿ., ಅಮೆರಿಕದಲ್ಲಿ ಪೋಸ್ಟ್‌ಡಾಕ್ ಮುಗಿಸಿ 1962ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆಣ್ವಿಕ ಜೀವವಿಜ್ಞಾನದ ಘಟಕ ಕಟ್ಟಿದರು. ಅದರ ಕೊಂಬೆಯೇ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಎನ್‌ಸಿಬಿಎಸ್. ಬಳ್ಳಾರಿ ರಸ್ತೆಯ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಅದು ನಿಂತ ಮೇಲೆ ಇನ್‌ಸ್ಟೆಮ್, ಸಿ-ಕ್ಯಾಂಪ್ ಎಂಬ ಸೋದರ ಸಂಸ್ಥೆಗಳು ಪಕ್ಕದಲ್ಲೇ ಬಂದವು. ಭಾರತೀಯ ವಿಜ್ಞಾನ ಸಂಸ್ಥೆ, ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರವನ್ನೂ ಸೇರಿಸಿದರೆ ಈ ವಿಷಯದ ಪೋಸ್ಟ್‌ಡಾಕ್‌ಗಳು ದೇಶದಲ್ಲೇ ಹೆಚ್ಚು ಒತ್ತಾಗಿರುವ ಊರುಗಳಲ್ಲಿ ಬೆಂಗಳೂರು ಒಂದು. ಹೈದರಾಬಾದಿನಲ್ಲಿ 1977ರಿಂದ ಕೋಶ ಮತ್ತು ಆಣ್ವಿಕ ಜೀವವಿಜ್ಞಾನ ಕೇಂದ್ರ, ಸಿಸಿಎಂಬಿ, ಇದೆ.

ಇಲ್ಲಿ ಪೋಸ್ಟ್‌ಡಾಕ್‌ಗೆ ಹಳೆಯ ಹೆಸರು ರಿಸರ್ಚ್ ಅಸೋಸಿಯೇಟ್, ಬಾಯಲ್ಲಿ ಆರ್‌ಎ. 2023ರ ಜನವರಿಯಿಂದ ಅದರ ಮೂರು ಹಂತಗಳಿಗೆ ತಿಂಗಳಿಗೆ 58,000, 61,000, 67,000 ರೂಪಾಯಿ, ಜೊತೆಗೆ ಮನೆಬಾಡಿಗೆ ಭತ್ಯೆ. ಜೈವಿಕ ತಂತ್ರಜ್ಞಾನ ಇಲಾಖೆಯ ಆರ್‌ಎ ಯೋಜನೆಯನ್ನು ನಡೆಸಿಕೊಂಡು ಬಂದದ್ದು ಭಾರತೀಯ ವಿಜ್ಞಾನ ಸಂಸ್ಥೆ. ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ ಎರಡು ವರ್ಷದ್ದು. ಈಗ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕೈಯಲ್ಲಿದೆ. 2008ರಲ್ಲಿ ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಜೊತೆಗೂಡಿ ಹುಟ್ಟಿದ ಇಂಡಿಯಾ ಅಲಯನ್ಸ್ ಐದು ವರ್ಷದ ಫೆಲೋಶಿಪ್ ಕೊಟ್ಟು, ಪೋಸ್ಟ್‌ಡಾಕ್ ಕೂಡ ಸ್ವಂತ ಪ್ರಶ್ನೆ ಕೇಳಬಹುದೆಂದು ತೋರಿಸಿತು. ಹೊರದೇಶದಿಂದ ಮರಳುವವರಿಗೆ ರಾಮಲಿಂಗಸ್ವಾಮಿ ಫೆಲೋಶಿಪ್ ಇದೆ. ಹಣ ಮಂಜೂರಾಗುವುದಕ್ಕೂ ಖಾತೆಗೆ ಬೀಳುವುದಕ್ಕೂ ನಡುವೆ ತಿಂಗಳುಗಳು ಕಳೆಯುವುದು ಮಾತ್ರ ಎಲ್ಲ ಯೋಜನೆಗಳಿಗೂ ಸಾಮಾನ್ಯವಾದ ದೂರು.

ಎರಡು ಗಂಟುಗಳು ಇಲ್ಲಿಯವೇ. ಒಂದು, ಒಳ್ಳೆಯ ಸಂಸ್ಥೆಗಳ ಅಧ್ಯಾಪಕ ಹುದ್ದೆಗೆ ವಿದೇಶದ ಪೋಸ್ಟ್‌ಡಾಕ್ ಇರಲೇಬೇಕೆಂಬ ಬರೆಯದ ನಿಯಮ. ಇಲ್ಲೇ ಉಳಿದು ಇಲ್ಲಿನ ಪ್ರಶ್ನೆ ಬಿಡಿಸಿದವರು, ಹೊರಗೆ ಎರಡು ವರ್ಷ ಯಾರದೋ ಯೋಜನೆಯ ಒಂದು ತುಂಡು ಮಾಡಿ ಬಂದವರ ಹಿಂದೆ ನಿಲ್ಲಬೇಕಾಗುತ್ತದೆ. ಇದಕ್ಕೆ ವಿಜ್ಞಾನದ ಸಮರ್ಥನೆ ಇದೆಯೆಂದು ನನಗೆ ತೋರುವುದಿಲ್ಲ. ಎರಡು, ವಯಸ್ಸು. ರಾಷ್ಟ್ರೀಯ ಫೆಲೋಶಿಪ್ಪಿಗೆ 35ರ ಮಿತಿ ಇದ್ದು, ಮಹಿಳೆಯರಿಗೂ ಮೀಸಲು ವರ್ಗಗಳಿಗೂ ಐದು ವರ್ಷ ಸಡಿಲಿಕೆ ಉಂಟು. ಆದರೆ ಮದುವೆ, ಬಸಿರು, ಅತ್ತೆಮನೆಯ ಕಾಯಿಲೆ, ಗಂಡನ ವರ್ಗಾವಣೆ ಎಲ್ಲವೂ ಬಂದು ಬೀಳುವುದು ಆ ವಯಸ್ಸಿನಲ್ಲೇ. ಪಿಎಚ್‌.ಡಿ. ತರಗತಿಗಳಲ್ಲಿ ತುಂಬಿರುವ ಹೆಣ್ಣುಮಕ್ಕಳು ಅಧ್ಯಾಪಕರ ಕೊಠಡಿಗಳಲ್ಲಿ ವಿರಳವಾಗುವುದು ಈ ಹೊಸ್ತಿಲಲ್ಲೇ. ಬಿಡುವು ಪಡೆದು ಮರಳುವವರಿಗೆ ಬಯೋಕೇರ್‌ನಂಥ ಯೋಜನೆಗಳಿವೆ; ಶಿಶುವಿಹಾರವಿರುವ ಸಂಸ್ಥೆ ಅದಕ್ಕಿಂತ ದೊಡ್ಡ ನೆರವು.

ಅಧ್ಯಾಪನದ ಬಾಗಿಲು ಕಿರಿದಾದಂತೆ ಬೇರೆ ಬಾಗಿಲು ಅಗಲವಾಗಿವೆ. 1978ರ ಬಯೋಕಾನ್, 1993ರ ಸಿಂಜೀನ್‌ನಂಥ ಕಂಪನಿಗಳು, ಪೇಟೆಂಟ್ ಕಚೇರಿಗಳು, ಪತ್ರಿಕೆಗಳ ಸಂಪಾದಕ ಮಂಡಳಿಗಳು, ಸೂಕ್ಷ್ಮದರ್ಶಕ ಸೌಲಭ್ಯ ನೋಡಿಕೊಳ್ಳುವ ಸ್ಟಾಫ್ ಸೈಂಟಿಸ್ಟ್ ಹುದ್ದೆಗಳು ಇವರನ್ನು ಸೆಳೆಯುತ್ತಿವೆ. ಬೆಂಗಳೂರಿನ ಇಂಡಿಯಾಬಯೋಸೈನ್ಸ್ 2009ರಿಂದ ನಡೆಸುವ ಯುವ ಸಂಶೋಧಕರ ಸಮಾವೇಶದಲ್ಲಿ ಕೆಲಸ ಹುಡುಕುವ ಪೋಸ್ಟ್‌ಡಾಕ್‌ಗಳೂ ಸಂಸ್ಥೆಗಳ ಮುಖ್ಯಸ್ಥರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ.

ಗಂಟುಮೂಟೆ

ಪೋಸ್ಟ್‌ಡಾಕ್ ಹೊರಡುವಾಗ ಏನನ್ನು ಒಯ್ಯಬಹುದು? ನೋಟ್‌ಬುಕ್ ಸಂಸ್ಥೆಯ ಆಸ್ತಿ, ಅದು ಅಲ್ಲೇ ಉಳಿಯಬೇಕು. ನಕಲಿಗೂ ಅಪ್ಪಣೆ ಬೇಕು. ಹುಟ್ಟುಹಾಕಿದ ಪ್ರಶ್ನೆಯನ್ನು ಜೊತೆಗೆ ಒಯ್ಯಬಹುದೇ ಎಂಬುದು ಪಿಐ ಮನಸ್ಸಿಗೆ ಬಿಟ್ಟದ್ದು. ‘ಇದು ನಿನ್ನದು, ನಾವು ಮುಟ್ಟುವುದಿಲ್ಲ’ ಎನ್ನುವ ಪಿಐ ಇದ್ದಾರೆ. ಶಿಷ್ಯನೊಡನೆಯೇ ಪೈಪೋಟಿಗೆ ಇಳಿಯುವವರೂ ಇದ್ದಾರೆ. ಶಿನ್ಯ ಯಮನಾಕ ಸ್ಯಾನ್ ಫ್ರಾನ್ಸಿಸ್ಕೊದ ಗ್ಲಾಡ್‌ಸ್ಟೋನ್ ಸಂಸ್ಥೆಯಲ್ಲಿ ಪೋಸ್ಟ್‌ಡಾಕ್ ಮುಗಿಸಿ 1996ರಲ್ಲಿ ಜಪಾನಿಗೆ ಮರಳಿದಾಗ ಇಲಿ ಸಾಕುವ ಕೆಲಸವೂ ಅವರ ತಲೆಗೇ ಬಂದು, ವಿಜ್ಞಾನವನ್ನೇ ಬಿಡುವ ಯೋಚನೆ ಮಾಡಿದ್ದರು. ಹತ್ತು ವರ್ಷದ ಮೇಲೆ, ಚರ್ಮದ ಕೋಶವನ್ನು ಮೂಲಕೋಶದಂತೆ ಮಾರ್ಪಡಿಸಿ ತೋರಿಸಿದ್ದು ಇದೇ ಮನುಷ್ಯ.

ವಸ್ತುಗಳನ್ನು ಒಯ್ಯುವ ಉಪಾಯ ಮಾತ್ರ ಸರಳ. ಹುಳುಗಳನ್ನು ಗ್ಲಿಸರಾಲ್‌ನಲ್ಲಿ ಹೆಪ್ಪುಗಟ್ಟಿಸಿ, ಬೇಕಾದಾಗ ಕರಗಿಸಿ ಎಬ್ಬಿಸಬಹುದು. ನೊಣಗಳು ಸೀಸೆಯಲ್ಲಿ ಅಂಚೆಯ ಮೂಲಕವೇ ಬರುತ್ತವೆ. ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರಗಳಿಗೆ 2004ರಿಂದ ಆಡ್‌ಜೀನ್ ಎಂಬ ಭಂಡಾರವಿದೆ; ಅಷ್ಟೂ ಬೇಡವೆಂದರೆ ಒಂದು ಹನಿ ದ್ರಾವಣವನ್ನು ಶೋಧಕ ಕಾಗದದ ಮೇಲೆ ಬಿಟ್ಟು, ಒಣಗಿಸಿ, ಸುತ್ತ ಪೆನ್ಸಿಲಿನಲ್ಲಿ ವೃತ್ತ ಬರೆದು ಲಕೋಟೆಗೆ ಹಾಕಿದರೆ ಸಾಕು. ಊರಿಗೆ ಬಂದ ಮೇಲೆ ಆ ವೃತ್ತವನ್ನು ಕತ್ತರಿಸಿ ನೀರಿನಲ್ಲಿ ನೆನೆಸಿ ಬ್ಯಾಕ್ಟೀರಿಯಕ್ಕೆ ಹಾಕಿದರೆ ಮರುದಿನ ಬೆಳಗ್ಗೆ ತಟ್ಟೆಯ ಮೇಲೆ ಬಿಳಿ ಚುಕ್ಕೆಗಳು ಎದ್ದಿರುತ್ತವೆ.